ಸಹಾಯ ಬೇಕು: ಭಾನುವಾರಕ್ಕೆ ಒಂದು ರೋಡ್ ಸೈಕಲ್

ಎಲ್ಲರಿಗೂ ನಮಸ್ಕಾರ. ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಚಿನ್ನ ಗೆದ್ದ ನಮ್ಮೂರ ಹುಡುಗಿ ಭಾನುವಾರ ಬೆಳಿಗ್ಗೆ ಉಡುಪಿಗೆ ಬರುತ್ತಾಳೆ. ಇಂದ್ರಾಳಿ ರೈಲ್ವೆ ಸ್ಟೇಷನ್‌ನಿಂದ ಅಜ್ಜರಕಾಡು ಮೈದಾನಕ್ಕೆ ಮೆರವಣಿಗೆ. ಚೆಂಡೆ, ಹುಲಿವೇಷ, ಶಂಕರಪುರ ಮಲ್ಲಿಗೆ, ತೆರೆದ ಜೀಪ್ ಎಲ್ಲ ಆಯಿತು. ಆದರೆ ಅವಳಿಗೆ ಜೀಪ್ ಬೇಡವಂತೆ, ಮಕ್ಕಳ ಜೊತೆ ಸೈಕಲ್‌ನಲ್ಲೇ ಬರಬೇಕಂತೆ. ಎಷ್ಟು ಚೆಂದದ ಆಸೆ, ಅಲ್ವಾ?

ತೊಂದರೆ ಏನೆಂದರೆ, ಟ್ರ್ಯಾಕ್ ಸೈಕಲ್‌ಗೆ ಬ್ರೇಕೇ ಇರುವುದಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಲ್ಸಂಕದ ಟ್ರಾಫಿಕ್‌ನಲ್ಲಿ ಅದು ಅಪಾಯ. ಒಂದು ದಿನದ ಮಟ್ಟಿಗೆ ಯಾರಾದರೂ ರೋಡ್ ಸೈಕಲ್ ಕೊಡಬಹುದಾ? ಅವಳ ಎತ್ತರ 5 ಅಡಿ 3 ಇಂಚು. ಹಳೆಯದಾದರೂ ಪರವಾಗಿಲ್ಲ, ಬ್ರೇಕ್ ಗಟ್ಟಿ ಇರಲಿ.

ಮಕ್ಕಳ ಪಕ್ಕದಲ್ಲಿ ಸೈಕಲ್ ಓಡಿಸಲು ಏಳೆಂಟು ದೊಡ್ಡವರೂ ಬೇಕು. ಹೆಲ್ಮೆಟ್ ತನ್ನಿ. ಇಲ್ಲೇ ಕಾಮೆಂಟ್ ಹಾಕಿ, ಸೈಕಲ್ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.