ಹಲ್ಲರ್ ಬೇರಿಂಗ್‌ನಲ್ಲಿ ಚಕ್ಕೆ ಏಳ್ತಿದೆ: ತಪ್ಪು ಸ್ಟೀಲಿನದೋ, ಧೂಳಿನದೋ?

ಪ್ರಶ್ನೆ, ಹಾಸನದಿಂದ: ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಹಲ್ಲರ್‌ನಲ್ಲಿ (ಕಾಫಿ ಸಿಪ್ಪೆ ಬಿಡಿಸುವ ಯಂತ್ರ) 6310 ನಂಬರಿನ ಬಾಲ್ ಬೇರಿಂಗ್ ಒಂದೇ ಸೀಸನ್ನಿನಲ್ಲಿ ಎರಡು ಸಲ ಹೋಯಿತು. ಒಳ ರೇಸಿನಲ್ಲಿ, ಅಂದರೆ ಒಳ ರಿಂಗಿನ ಮೇಲೆ ಬಾಲು ಓಡುವ ಹಾದಿಯಲ್ಲಿ, ಚಕ್ಕೆ ಎದ್ದಿದೆ. ಸ್ಟೀಲೇ ಶುದ್ಧವಿಲ್ಲ ಅಂತಾರೆ ಫಿಟ್ಟರ್. ಪತ್ತೆ ಮಾಡೋದು ಹೇಗೆ?

ಉತ್ತರ, ಚಿಕ್ಕಮಗಳೂರಿನಿಂದ: ಸಾರ್, ತೊಳೆಯುವ ಮೊದಲು ಹಳೇ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಿ. ಗರಗರ ಅಂದರೆ ಹೊಟ್ಟಿನ ಜೊತೆ ಕಾಫಿ ಒಣಗಿಸುವ ಕಣದ ಮಣ್ಣೂ ಹೊಕ್ಕಿದೆ. ಆಮೇಲೆ ತೊಳೆದು, 10 ಪಟ್ಟು ಲೆನ್ಸಿನಲ್ಲಿ ರೇಸ್ ನೋಡಿ. ಬಾಲು ಓಡಿದ ಹಾದಿಯುದ್ದಕ್ಕೂ ಸಣ್ಣ ಸಣ್ಣ ಕುಳಿಗಳಿದ್ದರೆ ಧೂಳಿನ ಕೆಲಸ. ಬಾಲುಗಳ ಅಂತರಕ್ಕೇ ಸರಿಯಾಗಿ ಗುರುತು ಬಿದ್ದಿದ್ದರೆ ಕೂರಿಸುವಾಗ ಹೊರ ರಿಂಗಿಗೆ ಸುತ್ತಿಗೆ ಏಟು ಬಿದ್ದಿದೆ. ಉಳಿದ ಹಾದಿ ನುಣ್ಣಗಿದ್ದು ಒಂದೇ ಕಡೆ ಕಡಿದಾದ ಅಂಚಿನ ಆಳದ ಕುಳಿಯಿದ್ದರೆ ಬಿರುಕು ಒಳಗಿಂದ ಬಂದಿರಬಹುದು. ಆಗಲೂ ಬೆಲ್ಟ್ ಬಿಗಿತ ನೋಡದೆ ಸ್ಟೀಲನ್ನು ದೂರಬೇಡಿ. ಬೆಲ್ಟ್ ಬಿಗಿಯಾದಷ್ಟೂ ಲೋಡು ಹೆಚ್ಚು, ಬಾಲ್ ಬೇರಿಂಗಿಗೆ ಲೋಡು ಎರಡರಷ್ಟಾದರೆ ಲೆಕ್ಕದ ಆಯುಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ.

ಉತ್ತರ, ಲೋಹಶಾಸ್ತ್ರದವರಿಂದ: ಒಳಗಿಂದ ಯಾಕೆ ಅನ್ನೋದನ್ನು ಸೇರಿಸ್ತೀನಿ. ಬಾಲು ಉರುಳುವಾಗ ಕತ್ತರಿಸುವ ಒತ್ತಡ ಅತಿ ಹೆಚ್ಚಾಗೋದು ಮೇಲ್ಮೈಯಲ್ಲಲ್ಲ, ಅದರಿಂದ ತುಸು ಕೆಳಗೆ. ಅಲ್ಲಿ ಅಲ್ಯೂಮಿನಾ ಕಣವಿದ್ದರೆ, ಅಂದರೆ ಸ್ಟೀಲ್ ತಯಾರಿಸುವಾಗ ಒಳಗೇ ಉಳಿದ ಗಟ್ಟಿ ಅಲ್ಯೂಮಿನಿಯಂ ಆಕ್ಸೈಡ್ ಕಶ್ಮಲವಿದ್ದರೆ, ಕಷ್ಟ. ಕ್ವೆಂಚ್ ಮಾಡಿದಾಗ (ಕಾದ ಸ್ಟೀಲನ್ನು ಥಟ್ಟನೆ ತಣಿಸಿದಾಗ) ಸ್ಟೀಲು ಕುಗ್ಗಿದಷ್ಟು ಅಲ್ಯೂಮಿನಾ ಕುಗ್ಗೋದಿಲ್ಲ, ಹಾಗಾಗಿ ಕಣದ ಸುತ್ತ ಎಳೆತ ಮೊದಲೇ ಉಳಿದಿರುತ್ತೆ. ಕ್ಯಾಲ್ಸಿಯಂ ಅಲ್ಯೂಮಿನೇಟಿನ ದೊಡ್ಡ ಗುಂಡುಗಳೂ ಅಷ್ಟೇ ಅಪಾಯ. ಟೈಟಾನಿಯಂ ನೈಟ್ರೈಡ್ ಸಣ್ಣದಾದರೂ ಮೂಲೆಗಳು ಚೂಪು. ಮ್ಯಾಂಗನೀಸ್ ಸಲ್ಫೈಡ್ ಮೆತ್ತಗಿರೋದರಿಂದ ತೊಂದರೆ ಕಡಿಮೆ.

ಬೇರಿಂಗ್ ಸ್ಟೀಲಿಗೆ, ಅಂದರೆ ನಮ್ಮ ಕಡೆ ಇಎನ್ 31 ಅನ್ನೋ 1% ಕಾರ್ಬನ್, 1.5% ಕ್ರೋಮಿಯಂ ಸ್ಟೀಲಿಗೆ, ಆಮ್ಲಜನಕ 15 ಪಿಪಿಎಂ (ಹತ್ತು ಲಕ್ಷದಲ್ಲಿ 15 ಭಾಗ) ಮೀರಬಾರದು ಅಂತ ಮಾನದಂಡ, ಆಕ್ಸೈಡ್ ಕಣ ಎಷ್ಟಿದೆ ಅನ್ನೋದಕ್ಕೆ ಅದೇ ಸುಳಿವು. ವ್ಯಾಕ್ಯೂಮ್ ಡಿಗ್ಯಾಸಿಂಗ್ (ಕರಗಿದ ಸ್ಟೀಲಿನಿಂದ ನಿರ್ವಾತದಲ್ಲಿ ಅನಿಲ ತೆಗೆಯೋದು) ಚೆನ್ನಾಗಿ ಮಾಡಿದರೆ 10ಕ್ಕಿಂತ ಕೆಳಗೆ ಬರುತ್ತೆ. ಆದರೆ ಆ ಅಂಕಿ ಒಂದನ್ನೇ ನಂಬಬೇಡಿ. ಸ್ಲ್ಯಾಗಿನಿಂದಲೋ (ಕರಗಿದ ಸ್ಟೀಲಿನ ಮೇಲೆ ತೇಲುವ ಕಿಟ್ಟ) ಲ್ಯಾಡಲ್ (ಕರಗಿದ ಸ್ಟೀಲ್ ಹಿಡಿಯುವ ಪಾತ್ರೆ) ಒಳಪದರದಿಂದಲೋ ಕಿತ್ತು ಬಂದ ಒಂದೇ ದೊಡ್ಡ ಚೂರು ಸರಾಸರಿಯಲ್ಲಿ ಕಾಣೋದಿಲ್ಲ, ಬೇರಿಂಗನ್ನು ಕೆಡಿಸೋಕೆ ಮಾತ್ರ ಅದೊಂದೇ ಸಾಕು. ಎಣಿಕೆಗಿಂತ ಅತಿ ದೊಡ್ಡ ಕಣ ಎಷ್ಟು ದೊಡ್ಡದು ಅನ್ನೋದು ಮುಖ್ಯ.

ಉತ್ತರ, ಹಾಸನದ ವರ್ಕ್‌ಶಾಪಿನಿಂದ: ಪರೀಕ್ಷೆಗೆ ಕೊಡೋದಾದರೆ ರಿಂಗನ್ನು ನೀರು ಹಾಯಿಸಿಯೇ ಕಟ್ ಮಾಡಿಸಿ, ಸುಟ್ಟು ನೀಲಿಯಾದರೆ ತುಂಡು ಕೆಟ್ಟಂತೆ. ಬಾಲು ಉರುಳುವ ದಿಕ್ಕಿನಲ್ಲಿ, ಚಕ್ಕೆಯ ಪಕ್ಕದಲ್ಲೇ ಸೀಳಬೇಕು. 1 ಮೈಕ್ರಾನ್ ಡೈಮಂಡ್ ಪೇಸ್ಟ್‌ವರೆಗೆ ಪಾಲಿಶ್ ಮಾಡಿ, ಎಚ್ ಮಾಡದೆ (ಆಸಿಡ್ ಹಚ್ಚದೆ) ಮೈಕ್ರೋಸ್ಕೋಪಿನಲ್ಲಿ 100 ಪಟ್ಟು ದೊಡ್ಡದಾಗಿ ನೋಡಿ. ಉದ್ದನೆಯ ಬೂದು ಗೆರೆ ಸಲ್ಫೈಡ್. ಮುರಿದ ಮಣಿಸರದಂತೆ ಕಪ್ಪಾಗಿರೋದು ಅಲ್ಯೂಮಿನಾ. ಕಿತ್ತಳೆ ಛಾಯೆಯ ಚೌಕ ನೈಟ್ರೈಡ್. ಪಾಲಿಶ್ ಮಾಡುವಾಗ ಕಣ ಕಿತ್ತುಹೋದ ಗುಂಡಿಯೂ ಕಪ್ಪಾಗೇ ಕಾಣುತ್ತೆ, ಬಾಲ ಎಳೆದಂತಿದ್ದರೆ ಅನುಮಾನಪಡಿ. ಆಮೇಲೆ 2% ನೈಟಾಲ್ (ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಸಿಡ್) ಹಚ್ಚಿ. ಕಣದ ಎರಡು ಬದಿ ಬಿಳಿ ಚಿಟ್ಟೆರೆಕ್ಕೆಗಳು ಎದ್ದರೆ ದಣಿವಿನ ಬಿರುಕು ಆ ಕಣದ ಬಳಿಯೇ ಶುರುವಾಗ್ತಿತ್ತು ಅನ್ನೋಕೆ ಗಟ್ಟಿ ಸಾಕ್ಷಿ.

ಪ್ರಶ್ನೆ ಕೇಳಿದವರು: ಬೇರಿಂಗನ್ನು ಆಗಲೇ ಡೀಸೆಲ್‌ನಲ್ಲಿ ತೊಳೆದುಬಿಟ್ಟಿದೀವಲ್ಲ?

ಉತ್ತರ, ಚಿಕ್ಕಮಗಳೂರಿನಿಂದ: ಪರವಾಗಿಲ್ಲ ಸಾರ್, ಹೌಸಿಂಗಿನ ಮೂಲೆಯಲ್ಲಿ ಹಳೇ ಗ್ರೀಸ್ ಅಂಟಿಕೊಂಡಿರುತ್ತೆ. ಹೊಸ ಬೇರಿಂಗ್ ಹಾಕೋ ಮುಂಚೆ ಅದನ್ನು ಕೆರೆದು ಡಬ್ಬಿಗೆ ಹಾಕಿಟ್ಟುಕೊಳ್ಳಿ.