ಶಿವಮೊಗ್ಗಕ್ಕೆ ಬಂದ ಮೇಲೆ ಅಪ್ಪಯ್ಯನಿಗೆ ಶುಗರ್: ಪೇಟೆ ಕಾರಣವಾ, ವಯಸ್ಸಾ?

ತೋಟದಮನೆ ಮಗಳು:
ಅಪ್ಪಯ್ಯನಿಗೆ 68. ತೀರ್ಥಹಳ್ಳಿ ಕಡೆಯ ತೋಟವನ್ನು ಚೇಣಿಗೆ ಕೊಟ್ಟು, ಹೋದ ವರ್ಷ ಅಮ್ಮನ ಜೊತೆ ವಿನೋಬನಗರದ ನಮ್ಮ ಮನೆಗೆ ಬಂದರು. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ಅಳತೆ) 6.2 ಬಂತು. ಊಟ ಬದಲಾಗಿಲ್ಲ. ಬೆಳಗ್ಗೆ ಕಡುಬು ಇಲ್ಲವೇ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ತಂಬುಳಿ, ಸಾರು. ಅಲ್ಲಿ ಇದನ್ನೇ ತಿಂದು ಗಟ್ಟಿಯಾಗಿದ್ದರು. ಅಮ್ಮ ಪೇಟೆ ನೀರನ್ನು ಬೈಯುತ್ತಾರೆ, ನನ್ನ ಗಂಡ ಅನ್ನವನ್ನು. ವಾಕಿಂಗ್ ಹೋಗಿ ಅಂದರೆ ಅಪ್ಪಯ್ಯ, "ಕೆಲಸ ಇಲ್ದೆ ಸುಮ್ನೆ ರಸ್ತೆ ಅಳೆಯೋದಾ?" ಅನ್ನುತ್ತಾರೆ. ನಿಮ್ಮ ಮನೆಗಳಲ್ಲೂ ಹೀಗಾಗಿದೆಯಾ?

ಸಾಗರದ ಸಿಸ್ಟರ್:
ಗಾಬರಿ ಬೇಡ. 5.7ರಿಂದ 6.4ರವರೆಗೆ ಗಡಿಯಲ್ಲಿದ್ದಾರೆ ಅಂತ ಲೆಕ್ಕ. 6.5 ಮುಟ್ಟಿದರೆ ಡಯಾಬಿಟಿಸ್. ಊರಲ್ಲಿ ಅವರು ವಾಕಿಂಗ್ ಮಾಡುತ್ತಿರಲಿಲ್ಲ, ನಿಜ. ಆದರೆ ಕೊಟ್ಟಿಗೆಗೆ, ಮೋಟಾರ್ ಹಾಕೋಕೆ, ಬಿದ್ದ ಅಡಿಕೆ ಹೆಕ್ಕೋಕೆ ದಿನವಿಡೀ ಹತ್ತಿ ಇಳಿಯುತ್ತಿದ್ದರು ಅಲ್ವಾ? ಕೆಲಸ ಮಾಡುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಈಗ ಅನ್ನ ಅಷ್ಟೇ ಇದೆ, ಖರ್ಚಾಗುವ ದಾರಿ ಮುಚ್ಚಿದೆ. ವಯಸ್ಸಾದಂತೆ ಸ್ನಾಯುವೂ ಕರಗುತ್ತದೆ, ಹಾಗಾಗಿ ಎರಡೂ ಸೇರಿದೆ. ನೀರಿಗೆ ಬೈಯೋದು ಬಿಡಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಸಕ್ಕರೆ ಏರೋದು ತಗ್ಗುತ್ತದೆ. ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಮುಂದಿನ ವಾರವೇ ಮತ್ತೆ ಲ್ಯಾಬಿಗೆ ಓಡಬೇಡಿ, ಡಾಕ್ಟರ್ ಹೇಳಿದಾಗ ಹೋಗಿ.

ಹೊಸನಗರದವ:
ಹಳ್ಳಿ ಅಂದರೆ ಆರೋಗ್ಯ ಅನ್ನೋದು ಹಳೇ ಮಾತು ಮಾರಾಯ್ರೆ. ನಮ್ಮೂರಲ್ಲಿ ಈಗ ತೋಟಕ್ಕೂ ಬೈಕಲ್ಲೇ ಹೋಗೋದು. ಕಾಡಿಗೆ ಹೋದರೆ ಉಣುಗಿನ ಭಯ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಎದೆನೋವು ಬಂದರೆ ಮಳೆಯಲ್ಲಿ ಶಿವಮೊಗ್ಗದವರೆಗೆ ಓಡಬೇಕು. ನೀವು ಅಲ್ಲೇ ಇದ್ದೀರಿ, ಪುಣ್ಯ.
ಅಪ್ಪಯ್ಯನ ಹತ್ತಿರ ವಾಕಿಂಗ್ ಅನ್ನೋ ಮಾತೇ ಎತ್ತಬೇಡಿ, ಕೆಲಸ ಹೇಳಿ. ಶಿವಮೊಗ್ಗದಲ್ಲೇ ಇರುವ ನಮ್ಮ ದೊಡ್ಡಪ್ಪ ದಿನಾ ಮಂಡಿಗೆ ನಡೆದು ಹೋಗಿ ರಾಶಿ ಅಡಿಕೆ ರೇಟು ಕೇಳಿ ಬರುತ್ತಾರೆ. ಮಾರೋಕೆ ಮನೆಯಲ್ಲಿ ಒಂದು ಅಡಿಕೆಯೂ ಇಲ್ಲ!

ತೋಟದಮನೆ ಮಗಳು:
ರೇಟು ಕೇಳೋಕೆ ಅಂದರೆ ಖಂಡಿತ ಹೊರಡುತ್ತಾರೆ. ಫುಟ್‌ಪಾತ್ ತುಂಬ ಬೈಕು, ಸಂಜೆಯಾದರೆ ನಾಯಿಗಳ ಕಾಟ, ಹಾಗಾಗಿ ಬೆಳಗ್ಗೆ ತಿಂಡಿ ಆದ ಮೇಲೆ ಕಳಿಸುತ್ತೇನೆ. ಸಿಸ್ಟರ್, ಬಾವಿ ನೀರು ಸೇದೋದು, ದರಗು ಗುಡಿಸೋದು ಅಮ್ಮನಿಗೂ ತಪ್ಪಿದೆ. ಅವರಿಗೂ ಈ ವಾರವೇ ಪರೀಕ್ಷೆ ಮಾಡಿಸುತ್ತೇನೆ.