ಮಳೆಗಾಲದ ಬೆಳಗ್ಗೆ ಮತ್ತೆ ಮತ್ತೆ ಹೊತ್ತಿಕೊಳ್ಳುವ ಎಂಜಿನ್ ದೀಪ: ಕಾರಣ ಹುಡುಕುವುದು ಹೇಗೆ?

ಪ್ರಶ್ನೆ, ಪುತ್ತೂರಿನಿಂದ

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಮಾದರಿಯ, ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು. ಬಿಎಸ್ 4 (ಹೊಗೆ ನಿಯಮದ ಹಂತ) ಗಾಡಿ, 62,000 ಕಿಲೋಮೀಟರ್ ಓಡಿದೆ. ವಾರಕ್ಕೆ ಐದು ದಿನ ಮಾಣಿ, ಕಲ್ಲಡ್ಕ, ಬಿ.ಸಿ. ರೋಡ್ ಮಾರ್ಗವಾಗಿ ಮಂಗಳೂರಿಗೆ ಹೋಗಿ ಬರುತ್ತೇನೆ. ಈ ಮಳೆಗಾಲ ಹಿಡಿದ ಮೇಲೆ ಮೀಟರ್ ಫಲಕದಲ್ಲಿ ಹಳದಿ ಬಣ್ಣದ ಎಂಜಿನ್ ದೀಪ ಮೂರು ಸಲ ಹೊತ್ತಿಕೊಂಡಿದೆ. ಪ್ರತಿ ಸಲವೂ ಅದನ್ನು ಆರಿಸಿ ಕೊಟ್ಟಿದ್ದಾರೆಯೇ ಹೊರತು, ಅದು ಏಕೆ ಹೊತ್ತಿತು ಎಂಬುದನ್ನು ಯಾರೂ ನನಗೆ ತಿಳಿಸಿಲ್ಲ.

ಮೊದಲ ಸಲ ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಎರಡೇ ನಿಮಿಷದಲ್ಲಿ ಎಂಜಿನ್ ನಡುಗಲು ಆರಂಭಿಸಿತು. ಸ್ಟಿಯರಿಂಗ್ ಹಿಡಿದ ಕೈಗೆ ತಿಳಿಯುವಷ್ಟು ನಡುಕವಿತ್ತು. ಮಾಣಿ ದಾಟುವಷ್ಟರಲ್ಲಿ ಎಲ್ಲವೂ ಸರಿಯಾಯಿತು, ಆದರೆ ದೀಪ ಮಾತ್ರ ಆರಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಯಂತ್ರ ಜೋಡಿಸಿ ದೀಪ ಆರಿಸಿದರು. ಒಂಬತ್ತು ದಿನಕ್ಕೆ ಮತ್ತೆ ಹೊತ್ತಿತು. ಎರಡನೆಯ ಸಲ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದರು. ಮೂರು ವಾರ ಗಾಡಿ ಚೆನ್ನಾಗಿಯೇ ಓಡಿ, ಆಮೇಲೆ ಅದೇ ನಡುಕ, ಅದೇ ದೀಪ. ಈಗ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಬೇಕು, ಅದರಿಂದಲೂ ಸರಿಯಾಗದಿದ್ದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ನೋಡೋಣ ಎನ್ನುತ್ತಿದ್ದಾರೆ. ಎರಡಕ್ಕೂ ಸೇರಿ ಹೇಳುತ್ತಿರುವ ಮೊತ್ತ ನನಗೆ ಹಗುರವಲ್ಲ. ಬಂಕ್‌ಗಳಲ್ಲಿ ಈಗ ಸಿಗುತ್ತಿರುವ ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲ್ ಇದಕ್ಕೆ ಕಾರಣವಿರಬಹುದೇ? ಬರುವ ತಿಂಗಳು ಮನೆಯವರನ್ನು ಕರೆದುಕೊಂಡು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಬೇಕಾಗಿದೆ. ಈ ಸ್ಥಿತಿಯಲ್ಲಿ ಗಾಡಿ ಓಡಿಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ, ಬೆಂಗಳೂರಿನಿಂದ

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ಸುರಕ್ಷತೆಯ ವಿಷಯ. ದೀಪ ಸ್ಥಿರವಾಗಿ ಉರಿಯುತ್ತಿದ್ದು, ಗಾಡಿಯ ಪಿಕಪ್ ಮಾಮೂಲಿನಂತಿದ್ದರೆ, ಜೊತೆಗೆ ಆಯಿಲ್ ಒತ್ತಡದ ಅಥವಾ ಉಷ್ಣಾಂಶದ ಕೆಂಪು ದೀಪ ಯಾವುದೂ ಇಲ್ಲದಿದ್ದರೆ ನಿಧಾನವಾಗಿ ಓಡಿಸಿಕೊಂಡು ಮನೆಗೋ ಗ್ಯಾರೇಜಿಗೋ ತಲುಪಬಹುದು. ಅದೇ ದೀಪ ಮಿಣುಕುತ್ತಿದ್ದರೆ ಮಾತ್ರ ಗಾಡಿಯನ್ನು ಬದಿಗೆ ನಿಲ್ಲಿಸಲೇಬೇಕು. ಯಾವುದೋ ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತಿದೆ, ಅದು ಕನ್ವರ್ಟರನ್ನೇ ಸುಟ್ಟುಹಾಕುವ ಮಟ್ಟಕ್ಕೆ ಮುಟ್ಟಿದೆ ಎಂದು ಮಿಣುಕುವ ದೀಪ ಎಚ್ಚರಿಸುತ್ತದೆ. ಕಾರಣ ತಿಳಿಯುವವರೆಗೆ ಘಾಟಿಯ ಪ್ರಯಾಣವನ್ನು ಮುಂದೂಡುವುದು ಒಳ್ಳೆಯದು.

ಇನ್ನು ದೀಪದ ವಿಷಯ. 2013ರ ಏಪ್ರಿಲ್‌ನಿಂದ ನಮ್ಮ ದೇಶದ ಬಿಎಸ್ 4 ಕಾರುಗಳಿಗೆ ಓಬಿಡಿ 2 ವ್ಯವಸ್ಥೆ (ದೋಷಗಳನ್ನು ಗಾಡಿಯೇ ಪತ್ತೆಹಚ್ಚಿ ಕೋಡ್ ರೂಪದಲ್ಲಿ ಬರೆದಿಡುವ ಏರ್ಪಾಡು) ಕಡ್ಡಾಯವಾಗಿರುವುದರಿಂದ ನಿಮ್ಮ ಗಾಡಿಯಲ್ಲಿಯೂ ಸ್ಟಿಯರಿಂಗ್ ಕೆಳಭಾಗದಲ್ಲಿ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರನ್ನು ಅಲ್ಲಿ ಸಿಕ್ಕಿಸಿ ನೀವೇ ಕೋಡ್ ಓದಿಕೊಳ್ಳಬಹುದು. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎಂಬ ಇನ್ನೊಂದು ದಾಖಲೆಯೂ ಇರುತ್ತದೆ. ದೋಷ ಕಂಡ ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಸುತ್ತು ತಿರುಗುತ್ತಿತ್ತು, ಗಾಡಿಯ ವೇಗವೆಷ್ಟು, ಪೆಟ್ರೋಲನ್ನು ಎಷ್ಟು ಹೆಚ್ಚು ಅಥವಾ ಕಡಿಮೆ ಕೊಡಲಾಗುತ್ತಿತ್ತು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದೆ. ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲಿಯೇ: ಕೋಡ್ ಅಳಿಸಿದರೆ ಈ ದಾಖಲೆಯೂ ಅಳಿದುಹೋಗುತ್ತದೆ. ಬ್ಯಾಟರಿ ತಂತಿ ಕಳಚಿದರೂ ಸಾಮಾನ್ಯವಾಗಿ ಅದೇ ಗತಿ. ನಿಮ್ಮ ಗಾಡಿ ಮೂರು ಸಲ ಸಾಕ್ಷ್ಯ ಬರೆದಿಟ್ಟಿದೆ, ಮೂರು ಸಲವೂ ಅದನ್ನು ಒರೆಸಿಹಾಕಲಾಗಿದೆ. ಮುಂದಿನ ಸಲ ದಯವಿಟ್ಟು ಯಾರಿಗೂ ಅಳಿಸಲು ಬಿಡಬೇಡಿ. ಮೊದಲು ಓದಿ, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು ಇಲ್ಲಿ ಬರೆಯಿರಿ. ದೋಷ ಮರುಕಳಿಸದೆ ಮೂರು ಓಟ ಮುಗಿದರೆ ದೀಪ ತಾನಾಗಿ ಆರುವುದುಂಟು, ಆಗಲೂ ಕೋಡ್ ಒಳಗೆ ಬಹಳ ದಿನ ಉಳಿದಿರುತ್ತದೆ.

ಇ20ರ ಬಗ್ಗೆ ಒಂದು ಮಾತು. ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಎಂಜಿನ್ ಸ್ವಲ್ಪ ಹೆಚ್ಚು ಇಂಧನ ಸುರಿಯಬೇಕಾಗುತ್ತದೆ. ಒಂದು ಪಾಲು ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5 ಪಾಲು ಸಾಕು. ಆದರೆ ಪೆಟ್ರೋಲ್ ನಾಲ್ಕೂ ಸಿಲಿಂಡರಿಗೆ ಒಂದೇ. ಕೋಡ್ ಒಂದೇ ಸಿಲಿಂಡರನ್ನು ಬೊಟ್ಟು ಮಾಡಿದರೆ ತಪ್ಪನ್ನು ಪೆಟ್ರೋಲಿನ ಮೇಲೆ ಹೊರಿಸಲಾಗದು.

ಪ್ರಶ್ನೆ ಕೇಳಿದವರಿಂದ, ಪುತ್ತೂರು

ಸ್ಕ್ಯಾನರ್ ತರಿಸಿಕೊಂಡ ನಾಲ್ಕನೆಯ ದಿನವೇ ದೀಪ ಮತ್ತೆ ಹೊತ್ತಿತು. ದಾಖಲಾಗಿರುವ ಕೋಡ್ ಪಿ 0303. ಇನ್ನೂ ಖಚಿತವಾಗದ ಕೋಡುಗಳ ಪಟ್ಟಿಯಲ್ಲಿ ಪಿ 0171 ಇದೆ. ಫ್ರೀಜ್ ಫ್ರೇಮ್ ಪ್ರಕಾರ ಕೂಲೆಂಟ್ 34 ಡಿಗ್ರಿ, ಎಂಜಿನ್ ವೇಗ ನಿಮಿಷಕ್ಕೆ 810 ಸುತ್ತು, ಗಾಡಿಯ ವೇಗ ಸೊನ್ನೆ, ತತ್ಕಾಲದ ಇಂಧನ ತಿದ್ದುಪಡಿ ಶೇಕಡಾ 18 ಹೆಚ್ಚುವರಿ. ಸಂಜೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿದಾಗ ಅದೇ ತಿದ್ದುಪಡಿ ನಿಂತಲ್ಲಿ ಶೇಕಡಾ 2, 2,500 ಸುತ್ತಿನಲ್ಲಿ ಶೇಕಡಾ 3 ಇತ್ತು. ಪಿ 0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದರ್ಥವಂತೆ. ಹಾಗಾದರೆ ಆಕ್ಸಿಜನ್ ಸೆನ್ಸರ್ ಬದಲಿಸಬೇಕೆಂದು ಅವರು ಹೇಳಿದ್ದು ಸರಿಯೇ?

ಉತ್ತರ, ಶಿವಮೊಗ್ಗದ ಗ್ಯಾರೇಜ್ ಒಂದರಿಂದ

ಆಕ್ಸಿಜನ್ ಸೆನ್ಸರ್ ಬದಲಿಸಬೇಡಿ ಸರ್. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ಆ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಪಿ 0303 ಎಂದರೆ ಮೂರನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು. ಕಿಡಿ ಹತ್ತದಿದ್ದಾಗ ಆ ಸಿಲಿಂಡರ್ ಎಳೆದುಕೊಂಡ ಗಾಳಿ, ಅದರಲ್ಲಿರುವ ಆಮ್ಲಜನಕದ ಸಮೇತ, ಖರ್ಚಾಗದೆ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಆಕ್ಸಿಜನ್ ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ, ಅದರ ಜೊತೆಯಲ್ಲೇ ಬಂದ ಹಸಿ ಪೆಟ್ರೋಲ್ ಕಾಣುವುದಿಲ್ಲ. ಆದ್ದರಿಂದ ಅದು ಪೆಟ್ರೋಲ್ ಸಾಲುತ್ತಿಲ್ಲ ಎಂದು ವರದಿ ಮಾಡುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಅದನ್ನು ನಂಬಿ ಶೇಕಡಾ 18ರಷ್ಟು ಹೆಚ್ಚು ಸುರಿಯುತ್ತದೆ. ಅಂದರೆ ಪಿ 0171 ಇಲ್ಲಿ ಮಿಸ್ಸಿಂಗ್‌ನ ಫಲ, ಅದರ ಕಾರಣವಲ್ಲ. ಗಾಳಿ ಸೋರಿಕೆಯೋ ಪೆಟ್ರೋಲ್ ಪಂಪಿನ ದೌರ್ಬಲ್ಯವೋ ಇದ್ದಿದ್ದರೆ ಎಂಜಿನ್ ಬಿಸಿಯಾದ ಮೇಲೂ, ನಿಂತಲ್ಲೋ 2,500 ಸುತ್ತಿನಲ್ಲೋ, ತಿದ್ದುಪಡಿಯಲ್ಲಿ ಅದರ ಗುರುತು ಉಳಿಯಬೇಕಾಗಿತ್ತು. ನಿಮ್ಮ ಗಾಡಿ ಬಿಸಿಯಾದ ಮೇಲೆ ಆರೋಗ್ಯವಾಗಿದೆ.

ಇನ್ನು ಮೂರನೆಯ ಸಿಲಿಂಡರಿನಲ್ಲಿ ಏನಾಗಿದೆ ಎಂದು ನೋಡಬೇಕು. ಹೆಚ್ಚಿನ ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಲ್ಲದ ಬದಿಯಿಂದ ಒಂದು, ಎರಡು ಎಂದು ಎಣಿಸುತ್ತಾರೆ. ಎಂಜಿನ್ ತಣ್ಣಗಿರುವಾಗ ಮೂರನೆಯ ಇಗ್ನಿಷನ್ ಕಾಯಿಲನ್ನು (ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ಭಾಗ) ಒಂದನೆಯದರ ಜಾಗಕ್ಕೆ, ಒಂದನೆಯದನ್ನು ಮೂರರ ಜಾಗಕ್ಕೆ ಹಾಕಿ ಓಡಿಸಿ. ಕೋಡ್ ಪಿ 0301 ಎಂದು ಬದಲಾದರೆ ಕಾಯಿಲ್ ಕೆಟ್ಟಿದೆ. ಪಿ 0303 ಆಗಿಯೇ ಉಳಿದರೆ ಪ್ಲಗ್ಗನ್ನು ಅದೇ ರೀತಿ ಅದಲುಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಬೇಕು. ಒಂದು ಪೈಸೆಯ ಸಾಮಾನು ಕೊಳ್ಳದೆ ಅರ್ಧ ದಾರಿ ಸಾಗಬಹುದು.

ಆದರೆ ನಿಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಪ್ಲಗ್ ಬದಲಿಸಿದ ಮೇಲೆ ಮೂರು ವಾರ ಗಾಡಿ ಚೆನ್ನಾಗಿತ್ತು ಎಂದಿದ್ದೀರಿ. ಹಳೆಯ ಪ್ಲಗ್ ಕೆಟ್ಟಿದ್ದರೆ ಹೊಸದು ಮೂರೇ ವಾರದಲ್ಲಿ ಕೆಡುವುದಿಲ್ಲ. ಪ್ಲಗ್ ಬಿಚ್ಚಬೇಕಾದರೆ ಕಾಯಿಲ್ ಎತ್ತಬೇಕು, ಕಾಯಿಲ್ ಎತ್ತಬೇಕಾದರೆ ಅದರ ಕನೆಕ್ಟರ್ ಎಳೆದು ಮತ್ತೆ ಒತ್ತಬೇಕು. ಕನೆಕ್ಟರಿನೊಳಗೆ ಕಿಲುಬು ಹಿಡಿದಿದ್ದರೆ ಹಾಗೆ ಎಳೆದು ಒತ್ತಿದಾಗ ಪಿನ್ನುಗಳು ಒಂದಕ್ಕೊಂದು ಉಜ್ಜಿ ತಾತ್ಕಾಲಿಕವಾಗಿ ಸ್ವಚ್ಛವಾಗುತ್ತವೆ. ಪ್ಲಗ್ಗಿನಿಂದ ಗುಣ ಕಂಡಿತೆಂದು ಎಲ್ಲರೂ ಭಾವಿಸಿದರು, ಗುಣ ಕಂಡದ್ದು ಬಹುಶಃ ಕನೆಕ್ಟರಿನಿಂದ. ಇದೇ ಕಾರಣಕ್ಕೆ ಕಾಯಿಲ್ ಅದಲುಬದಲು ಮಾಡಿದ ಮೇಲೆ ಒಂದೇ ದಿನಕ್ಕೆ ತೀರ್ಮಾನಕ್ಕೆ ಬರಬೇಡಿ. ಮತ್ತು ಏನನ್ನಾದರೂ ಬಿಚ್ಚುವ ಮೊದಲು, ರಾತ್ರಿ ಮಳೆ ಬಂದ ಬೆಳಗ್ಗೆ, ಸ್ಟಾರ್ಟ್ ಮಾಡದೆ ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿ. ನೀರು ಎಲ್ಲಿಂದ ಇಳಿದು ಎಲ್ಲಿ ನಿಂತಿದೆ ಎಂಬುದನ್ನು ಮಾತ್ರ ಗಮನಿಸಿ. ಇಲಿ ಕಡಿದ ತಂತಿ ಇದೆಯೇ ಎಂದೂ ನೋಡಿಬಿಡಿ. ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ?

ಪ್ರಶ್ನೆ ಕೇಳಿದವರಿಂದ, ಪುತ್ತೂರು

ತಾವು ಕೇಳಿದ ಆ ಕೊನೆಯ ಪ್ರಶ್ನೆಯಿಂದಲೇ ದಾರಿ ತೆರೆಯಿತು. ಗಾಡಿ ನಿಲ್ಲುವುದು ಅಂಗಳದ ಅಂಚಿನ ಹಲಸಿನ ಮರದ ಕೆಳಗೆ. ನಿನ್ನೆ ಬೆಳಗ್ಗೆ ಹೇಳಿದಂತೆಯೇ ಬಾನೆಟ್ ಎತ್ತಿ ನೋಡಿದೆ. ಗಾಜಿನ ಬುಡದಲ್ಲಿ ವೈಪರ್ ಇರುವ ಕಪ್ಪು ಪ್ಲಾಸ್ಟಿಕ್ ಜಾಲರಿಯ ಕೆಳಗೆ ಕೊಳೆತ ಎಲೆಗಳು ಅಂಗೈ ದಪ್ಪಕ್ಕೆ ತುಂಬಿದ್ದವು. ನೀರು ಬದಿಯ ರಂಧ್ರದಿಂದ ಹೊರಗೆ ಹೋಗುವ ಬದಲು ಮಧ್ಯದಲ್ಲಿ ಜಾಲರಿಯ ಅಂಚನ್ನು ದಾಟಿ ಹನಿ ಹನಿಯಾಗಿ ಎಂಜಿನ್ ಮೇಲೆ ಬೀಳುತ್ತಿತ್ತು. ಹನಿ ಬೀಳುವ ಜಾಗದಲ್ಲಿ ಧೂಳಿನ ಮೇಲೆ ಒಂದು ಬಿಳಿಚಿದ ಗೆರೆ ಮೂಡಿದ್ದು, ಆ ಗೆರೆ ನೇರವಾಗಿ ಮೂರನೆಯ ಕಾಯಿಲಿನ ಕನೆಕ್ಟರಿಗೆ ಇಳಿದಿತ್ತು.

ಬ್ಯಾಟರಿಯ ತಂತಿ ಕಳಚಿ, ಕನೆಕ್ಟರನ್ನು ಎಳೆದು ನೋಡಿದರೆ ಒಳಗಿನ ರಬ್ಬರ್ ಸೀಲ್ ಒಂದು ಮೂಲೆಯಲ್ಲಿ ಮಡಚಿಕೊಂಡಿದೆ. ಒಂದು ಪಿನ್ನಿನ ಸುತ್ತ ದೇವರ ಮನೆಯ ತೊಳೆಯದ ತಾಮ್ರದ ತಂಬಿಗೆಯ ಅಂಚಿನಲ್ಲಿ ಕಾಣುವಂಥದೇ ಹಸಿರು ಕಿಲುಬು. ಉಳಿದ ಮೂರು ಕನೆಕ್ಟರುಗಳು ಹೊಳೆಯುತ್ತಿವೆ. ಪ್ಲಗ್ ಕೂರುವ ಗುಂಡಿಗಳಲ್ಲಿ ಆಯಿಲ್ ಆಗಲಿ ನೀರಾಗಲಿ ಇರಲಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒರೆಸಿ ಹಾಕಿದ್ದೇನೆ. ಇಷ್ಟು ಸಾಕೇ? ಕಾಯಿಲ್ ಕೆಟ್ಟರೆ ಕಾಯಿಲಿನದೇ ಕೋಡ್ ಬರಬೇಕಲ್ಲವೇ, ಅದು ಏಕೆ ಬರಲಿಲ್ಲ?

ಉತ್ತರ, ಹುಬ್ಬಳ್ಳಿಯಿಂದ

ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಷಯ ಕಲಿಸುತ್ತೇನೆ. ತಂತಿ ಪೂರ್ತಿ ಕಡಿದುಹೋದರೆ ಕಂಪ್ಯೂಟರಿಗೆ ಅದು ತಿಳಿದು ಪಿ 0353 ಎಂಬ ಕಾಯಿಲ್ ಸರ್ಕ್ಯೂಟಿನ ಕೋಡ್ ಬರಬಹುದು. ನಿಮ್ಮಲ್ಲಿ ತಂತಿ ಕಡಿದಿಲ್ಲ, ಸಂಪರ್ಕ ಮಾತ್ರ ದುರ್ಬಲವಾಗಿದೆ. ಕಾಯಿಲಿನೊಳಗೆ ಕೆಲವು ಆಂಪಿಯರ್ ಹರಿದರೆ ಮಾತ್ರ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ಕಿಲುಬಿನಿಂದ ಅರ್ಧ ಓಮ್ ರೋಧ ಹುಟ್ಟಿಕೊಂಡರೂ 6 ಆಂಪಿಯರ್ ಹರಿಯುವಾಗ ಆ ಪಿನ್ನಿನಲ್ಲಿಯೇ 3 ವೋಲ್ಟ್ ನಷ್ಟವಾಗುತ್ತದೆ. ಎಂಜಿನ್ ತಣ್ಣಗಿರುವಾಗ, ಕನೆಕ್ಟರ್ ಒದ್ದೆಯಾಗಿರುವಾಗ ಕಿಡಿ ಸೋಲುತ್ತದೆ. ಬಿಸಿಗೆ ತೇವ ಆರಿದಾಗ ಹೇಗೋ ನಿಭಾಯಿಸುತ್ತದೆ. ಕಂಪ್ಯೂಟರಿಗೆ ಅರಿವಾಗುವುದು ಕ್ರ್ಯಾಂಕ್‌ಶಾಫ್ಟ್‌ನ ತಿರುಗುವಿಕೆಯಲ್ಲಿ ಮೂರನೆಯ ಸರದಿಗೆ ಬಂದ ಮುಗ್ಗರಿಕೆ ಮಾತ್ರ. ಅದಕ್ಕಾಗಿಯೇ ಪಿ 0303.

ಕ್ಲೀನರ್ ಸಿಂಪಡಿಸಿದ್ದು ಮೊದಲ ಹೆಜ್ಜೆ. ಕಿಲುಬು ಹಿಡಿದ ಪಿನ್ನಿನ ಮೇಲಿನ ಲೇಪ ಹೋಗಿರುವುದರಿಂದ ಅದು ಮತ್ತೆ ಹಿಡಿದೇ ಹಿಡಿಯುತ್ತದೆ. ತಂತಿಯ ತುಂಡಿನ ಸಮೇತ ಆ ಒಂದು ಕನೆಕ್ಟರನ್ನು ಬದಲಿಸಿ, ಜೋಡಣೆಯನ್ನು ಬೆಸುಗೆ ಅಥವಾ ಕ್ರಿಂಪ್ ಮಾಡಿಸಿ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿಸಿ. ಕಾಯಿಲಿನ ಬದಿಯ ಪಿನ್ನೂ ಹಸಿರಾಗಿದ್ದರೆ ಆ ಕಾಯಿಲನ್ನೂ ಬದಲಿಸಬೇಕಾಗುತ್ತದೆ. ಪರೀಕ್ಷಿಸುವ ನೆಪದಲ್ಲಿ ಯಾರಿಗೂ ಮಲ್ಟಿಮೀಟರಿನ ದಪ್ಪ ಸೂಜಿಯನ್ನು ಹೊಸ ಕನೆಕ್ಟರಿನ ರಂಧ್ರದೊಳಗೆ ಒತ್ತಲು ಬಿಡಬೇಡಿ, ಪಿನ್ನಿನ ಹಿಡಿತ ಸಡಿಲವಾಗಿ ಇನ್ನೊಂದು ತೊಂದರೆ ಆರಂಭವಾಗುತ್ತದೆ.

ಪ್ರಶ್ನೆ ಕೇಳಿದವರಿಂದ, ಪುತ್ತೂರು

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಕಾಯಿಲಿನ ಬದಿಯ ಪಿನ್ನುಗಳು ಶುದ್ಧವಾಗಿದ್ದುದರಿಂದ ಕನೆಕ್ಟರ್ ಒಂದನ್ನೇ ಬದಲಿಸಿದೆವು. ಊರಿನ ವೈರಿಂಗ್ ಕೆಲಸದವರು ಮುಕ್ಕಾಲು ಗಂಟೆಯಲ್ಲಿ ಮಾಡಿಕೊಟ್ಟರು, ಸಾಮಾನು ಮತ್ತು ಕೂಲಿ ಸೇರಿ 650 ರೂಪಾಯಿ ಆಯಿತು. ಜಾಲರಿ ಬಿಚ್ಚಿ ಎಲೆಗಳನ್ನು ತೆಗೆದು, ಎರಡೂ ಬದಿಯ ರಂಧ್ರಗಳಲ್ಲಿ ನೀರು ಸಲೀಸಾಗಿ ಇಳಿಯುವುದನ್ನು ಚೊಂಬಿನಲ್ಲಿ ಸುರಿದು ನೋಡಿದೆವು. ಅದಾದ ಮೇಲೆ ದೀಪ ಹೊತ್ತಿಲ್ಲ. ಪಿ 0171 ಪಟ್ಟಿಯಿಂದ ತಾನಾಗಿಯೇ ಹೋಗಿದೆ. ಹಳೆಯ ಆಕ್ಸಿಜನ್ ಸೆನ್ಸರಿನಲ್ಲಿಯೇ ಕಳೆದ ಭಾನುವಾರ ಮನೆಯವರೆಲ್ಲ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಮಳೆಯಿತ್ತು. ಶಿವಮೊಗ್ಗದ ಸರ್ ಅವರಿಗೂ, ಬೆಂಗಳೂರು ಮತ್ತು ಹುಬ್ಬಳ್ಳಿಯಿಂದ ಬರೆದವರಿಗೂ ಮನಸಾರೆ ಕೃತಜ್ಞತೆಗಳು. ಗಾಡಿಯನ್ನು ಈಗ ಮರದಿಂದ ದೂರ, ತೋಟದ ಗೇಟಿನ ಬಳಿ ನಿಲ್ಲಿಸುತ್ತಿದ್ದೇನೆ.